ಮಂಜಿನಲ್ಲಿ ಹೆಸರು ಕರೆದ ತಂಡ

ಕೋವಿಡ್ ಹಾವಳಿ ಮುಗಿದ ಮೂರನೆಯ ಚಳಿಗಾಲದ ಮಾತು. ಕಲಬುರಗಿಯ ರೋಜಾ ಬಡಾವಣೆಯಲ್ಲಿ, ದರ್ಗಾಕ್ಕೆ ಹೋಗುವ ದಾರಿಯ ಒಂದು ಗಲ್ಲಿಯಲ್ಲಿ ನನ್ನ ಡಿಸೈನ್ ಅಂಗಡಿ ಇತ್ತು, ಈಗಲೂ ಇದೆ. ಮೊದಲು ಅದು ನನ್ನ ತಂದೆ, ಅಬ್ಬಾ ಅವರ ಪೇಂಟಿಂಗ್ ಅಂಗಡಿ. ಅವರು ಕನ್ನಡ, ಉರ್ದು, ಇಂಗ್ಲಿಷ್ ಮೂರು ಲಿಪಿಗಳಲ್ಲೂ ಬ್ರಷ್ ಹಿಡಿದು ಬೋರ್ಡು ಬರೆಯುತ್ತಿದ್ದರು. ಅವರ ಪಕ್ಕದಲ್ಲಿ ಕೂತು ಅಕ್ಷರ ತಿದ್ದಿದ ನಾನು, ಅದೇ ಕೆಲಸವನ್ನು ಕಂಪ್ಯೂಟರಿನ ಮುಂದೆ ಕೂತು ಇಪ್ಪತ್ತೆರಡು ವರ್ಷ ಮಾಡಿದ್ದೆ. ಮದುವೆ ಕಾರ್ಡು, ಫ್ಲೆಕ್ಸ್ ಬ್ಯಾನರ್, ಅಂಗಡಿಗಳ ಲೋಗೊ, ಆಟಗಾರರ ಜೆರ್ಸಿ ಎಲ್ಲವೂ ನನ್ನ ಕೈ ದಾಟಿ ಹೋಗಿವೆ.

ಲೋಗೊ ಎಂದರೆ, ಹೆಸರು ಓದುವ ಪುರುಸೊತ್ತಿಲ್ಲದವರಿಗೂ ಇದು ಇಂಥವರದು ಎಂದು ತಿಳಿಸುವ ಗುರುತು. ಅದನ್ನು ನಾವು ವೆಕ್ಟರ್ ಎಂಬ ವಿಧಾನದಲ್ಲಿ ಬರೆಯುತ್ತೇವೆ. ಉಗುರಿನಷ್ಟಕ್ಕೆ ಇಳಿಸಿದರೂ ಗೋಡೆಯಷ್ಟಕ್ಕೆ ಹಿಗ್ಗಿಸಿದರೂ ಅದರ ಗೆರೆ ಒಡೆಯುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಹತ್ತಾರು ಹುಲಿ, ಹದ್ದು, ಸಿಂಹಗಳು ಸಿದ್ಧವಾಗಿ ಮಲಗಿದ್ದವು. ಕೆಳಗಿನ ಹೆಸರು ಬದಲಿಸಿ, ಬಣ್ಣ ತಿರುಗಿಸಿದರೆ ಹತ್ತು ನಿಮಿಷದಲ್ಲಿ ಹೊಸ ಲೋಗೊ. ಹೀಗೆಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಆಗ ಅದನ್ನು ನಾನು ಕೈಚಳಕ ಎಂದುಕೊಂಡಿದ್ದೆ.

ನವೆಂಬರಿನ ಒಂದು ಮಧ್ಯಾಹ್ನ ಜೋಶಿ ಸರ್ ಬಂದರು. ಕಮಲಾಪುರದಲ್ಲಿ ದೈಹಿಕ ಶಿಕ್ಷಕರಾಗಿದ್ದು ನಿವೃತ್ತರಾದವರು, ಅಲ್ಲಿನ ಹುಡುಗಿಯರ ಹಾಕಿ ತಂಡದ ಕೋಚ್. ಮನೆಯಲ್ಲಿ ಮರಾಠಿ, ಮೈದಾನದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ತಂಡದಲ್ಲಿ ಹದಿನಾರು ಜನ, ಎಲ್ಲರೂ ಕಾಲೇಜು ಓದುವವರು. ಸತತ ಮೂರು ವರ್ಷ ಕಲಬುರಗಿಯ ಟೂರ್ನಿಗೆ ಬಂದು, ಮೂರೂ ಸಲ ಮೊದಲ ಪಂದ್ಯದಲ್ಲೇ ಸೋತು ಹೋಗಿದ್ದರು. ಮೈಕಿನಲ್ಲಿ ಅವರನ್ನು ತಂಡದ ಹೆಸರಿನಿಂದ ಯಾರೂ ಕರೆದಿರಲಿಲ್ಲ. "ಹಳದಿ ಅಂಗಿಯವರು" ಎನ್ನುತ್ತಿದ್ದರು. ಆ ಅಂಗಿಗಳೂ ಬೇರೆ ಯಾರಿಂದಲೋ ಕೇಳಿ ತಂದವು. ಈ ಸಲ ಸಂಘಟಕರು ಒಂದು ಮಾತು ಹೇಳಿದ್ದರಂತೆ. ಫೆಬ್ರವರಿಯ ಟೂರ್ನಿಯಲ್ಲಿ ಕೊನೆಯ ನಾಲ್ಕರೊಳಗೆ, ಅಂದರೆ ಸೆಮಿಫೈನಲ್‌ಗೆ, ಬರದಿದ್ದರೆ ಮುಂದೆ ಕಮಲಾಪುರಕ್ಕೆ ಪ್ರತ್ಯೇಕ ತಂಡ ಇರುವುದಿಲ್ಲ. ಚೆನ್ನಾಗಿ ಆಡುವ ಇಬ್ಬರು ಮೂವರನ್ನು ನಗರದ ತಂಡಕ್ಕೆ ತೆಗೆದುಕೊಂಡು ಉಳಿದವರನ್ನು ಕೈಬಿಡುತ್ತಾರೆ.

"ಹುಲಿ ಬೇಕ್ರಿ ಮೇಡಂ," ಎಂದರು ಜೋಶಿ ಸರ್. "ಬಾಯಿ ತೆರೆದಿರಬೇಕು. ನೋಡಿದ ಕೂಡ್ಲೇ ಎದುರಿನವರ ಎದಿ ನಡುಗಬೇಕು."

ಮಲಗಿದ್ದ ಹುಲಿಗಳಲ್ಲಿ ಒಂದನ್ನು ಎಬ್ಬಿಸಿದೆ. ಕಿತ್ತಳೆ ಬಣ್ಣ, ಬಿಳಿ ಹಲ್ಲು, ಕೆಳಗೆ 'ಕಮಲಾಪುರ ಟೈಗರ್ಸ್'. ಸರ್ ಖುಷಿಯಾಗಿ ಹೋದರು.

ಜೆರ್ಸಿ ತಯಾರಾದ ವಾರವೇ ನಗರದ ತಂಡದ ಜೊತೆ ಕಲಬುರಗಿಯಲ್ಲೇ ಒಂದು ಅಭ್ಯಾಸ ಪಂದ್ಯವಿತ್ತು. ಜೆರ್ಸಿ ಕೊಡಲು ಹೋದವಳು ಅಲ್ಲೇ ನಿಂತು ನೋಡಿದೆ. ಎದುರಿನ ತಂಡದ ಎದೆಯ ಮೇಲೂ ಹುಲಿ ಇತ್ತು. ಎರಡು ವರ್ಷದ ಹಿಂದೆ ನಾನೇ ಮಾಡಿಕೊಟ್ಟದ್ದು. ಅದು ನೀಲಿ, ಇದು ಕಿತ್ತಳೆ, ಬಾಯಿ ಮಾತ್ರ ಒಂದೇ. ಹುಲಿಯ ಹಾಗೆ ಮೇಲೆ ಬೀಳಬೇಕೆಂದು ಸರ್ ಹೇಳಿದ್ದರು. ಕಮಲಾಪುರದ ಹುಡುಗಿಯರು ಹೋ ಎಂದು ಅರಚುತ್ತ ನುಗ್ಗಿದರು, ದೂರದಿಂದ ಚೆಂಡು ಬಾರಿಸಿದರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಒಬ್ಬಳು ಸ್ಟಿಕ್ ಬೀಸಿದ್ದಕ್ಕೆ ಹಳದಿ ಕಾರ್ಡ್ ಪಡೆದು ಐದು ನಿಮಿಷ ಹೊರಗೆ ಕೂತಳು. ಆರು ಗೋಲುಗಳಿಂದ ಸೋತರು, ಒಂದನ್ನೂ ಹೊಡೆಯಲಿಲ್ಲ.

ಮರುದಿನ ಇಬ್ಬರು ಹುಡುಗಿಯರು ಅಂಗಡಿಗೆ ಬಂದರು. ಒಬ್ಬಳು ಕ್ಯಾಪ್ಟನ್ ಭಾಗ್ಯಶ್ರೀ, ಇನ್ನೊಬ್ಬಳು ಗೋಲ್‌ಕೀಪರ್ ನಸೀಮಾ. ಭಾಗ್ಯಶ್ರೀ ನೀಟಾಗಿ ಮಡಚಿದ ಜೆರ್ಸಿಯನ್ನು ಟೇಬಲ್ ಮೇಲಿಟ್ಟಳು.

"ಇದು ನಮ್ಮದಲ್ರಿ ಮೇಡಂ."

"ನಿಮ್ಮ ಸರ್ ಕೇಳಿದ್ದೇ ಮಾಡೀನಲ್ಲವಾ," ಎಂದೆ. ದನಿ ಸ್ವಲ್ಪ ಬಿರುಸಾಯಿತು.

"ಸರ್ ಕೇಳ್ಯಾರ, ಖರೆ. ಆದ್ರ ಇದನ್ನ ಹಾಕ್ಕೊಂಡ್ರ ಯಾರದೋ ಮನಿ ಮದುವಿಗೆ ಯಾರದೋ ಸೀರಿ ಉಟ್ಟು ಹೋದಂಗ ಆಗ್ತದ. ನಾವು ಅಂಥಾ ಜೋರಿನವರಲ್ಲ."

"ಹಂಗಾದ್ರ ಎಂಥವರು?"

ಭಾಗ್ಯಶ್ರೀ ಗೆಳತಿಯ ಕಡೆ ತಿರುಗಿದಳು. ನಸೀಮಾ ನಕ್ಕು, ಸ್ವಂತ ಅಕ್ಕನಿಗೆ ಹೇಳುವಂತೆ, "ಆಪಾ, ಹೇಳಾಕ ಬರಂಗಿಲ್ಲ. ಒಂದಿನ ಮುಂಜಾನೆ ಬಂದು ನೋಡ್ರಿ," ಎಂದಳು.

ಇಪ್ಪತ್ತೆರಡು ವರ್ಷದಲ್ಲಿ ಯಾವ ಗಿರಾಕಿಯೂ ನನಗೆ ಹಾಗೆ ಹೇಳಿರಲಿಲ್ಲ. ನಾನೂ ಯಾರ ಕೆಲಸವನ್ನೂ ಹೋಗಿ ನೋಡಿರಲಿಲ್ಲ.

ಡಿಸೆಂಬರಿನ ಒಂದು ನಸುಕಿನಲ್ಲಿ ಮೊದಲ ಬಸ್ ಹತ್ತಿದೆ. ತಾಜಸುಲ್ತಾನಪುರ ದಾಟುವ ಹೊತ್ತಿಗೆ ಬೆಳಕು ಹರಿಯಬೇಕಿತ್ತು. ಆದರೆ ಕಿಟಕಿಯ ಆಚೆ ಹೊಲಗಳಿರಲಿಲ್ಲ, ಬರೀ ಮಂಜು. ಹಾಲಿನಲ್ಲಿ ಅದ್ದಿದ ಬಟ್ಟೆಯನ್ನು ನೆಲದ ಮೇಲೆ ಹರವಿದಂತೆ ಕಾಣುತ್ತಿತ್ತು. ಎಲ್ಲೋ ಒಂದು ಜಾಲಿ ಮರದ ತುದಿ ತೇಲಿ ಬಂದು ಹಿಂದೆ ಸರಿಯಿತು. ನಾನು ಎಚ್ಚರದಲ್ಲಿದ್ದೆನೋ ತೂಕಡಿಸುತ್ತಿದ್ದೆನೋ, ಇಂದಿಗೂ ಖಚಿತವಾಗಿ ಹೇಳಲಾರೆ.

ಕಮಲಾಪುರದ ಬಸ್ ನಿಲ್ದಾಣದಿಂದ ಬಾಳೆ ತೋಟಗಳ ಬದಿಯ ದಾರಿ ಹಿಡಿದು ಮೈದಾನಕ್ಕೆ ಹೋದೆ. ಎಲೆಗಳಿಂದ ಹನಿ ಬೀಳುವ ಟಪ್ ಟಪ್ ಶಬ್ದ. ಮೈದಾನ ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಕಾಲ ಕೆಳಗೆ ಕೆಂಪು ಮಣ್ಣು ಗಟ್ಟಿಯಾದಾಗ ಬಂದಿದ್ದೇನೆ ಅಂದುಕೊಂಡು ನಿಂತೆ. ಎದುರಿಗೆ ಏನೂ ಇಲ್ಲ. ಆಗ ಮಂಜಿನೊಳಗಿಂದ ಒಂದು ದನಿ ಬಂತು.

"ರೂಪಾ..."

ಕಟ್ಟಿಗೆಗೆ ಚೆಂಡು ತಾಗಿದ ಸಣ್ಣ ಸದ್ದು. ಇನ್ನೊಂದು ಮೂಲೆಯಿಂದ, "ಭಾಗ್ಯಾ..." ಮತ್ತೆ ಸದ್ದು. "ಶಾಂತಾ... ರೂಪಾ... ಭಾಗ್ಯಾ..." ಕೂಗು ಅನ್ನುವಂತಿರಲಿಲ್ಲ. ಪಕ್ಕದ ಕೋಣೆಯಲ್ಲಿರುವ ಅಕ್ಕನನ್ನು ಕರೆದಷ್ಟು ಮೆಲ್ಲಗೆ. ದನಿ ಹೋದಲ್ಲಿಗೆ ಚೆಂಡು ಹೋಗುತ್ತಿತ್ತು, ಚೆಂಡು ಹೋದಲ್ಲಿಂದ ಹೊಸ ಹೆಸರು ಹುಟ್ಟುತ್ತಿತ್ತು. ತೀರ ಹಿಂದಿನಿಂದ ನಸೀಮಾಳ ದನಿ ಎಲ್ಲರ ಜಾಗವನ್ನೂ ಹೇಳುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಇಡೀ ಮೈದಾನ ಕಿವಿಯೊಳಗೆ ಕಾಣಿಸಿತು. ಫೋನ್ ತೆಗೆದು ಆ ಸದ್ದನ್ನು ರೆಕಾರ್ಡ್ ಮಾಡಿಕೊಂಡೆ.

ಬಿಸಿಲೇರಿ ಮಂಜು ಕರಗಿದ ಮೇಲೆ ಆಟವೂ ಕಂಡಿತು. ನೆಲದಲ್ಲಿ ಸಣ್ಣ ಕಲ್ಲು, ಗುಂಡಿ. ಜೋರಾಗಿ ಹೊಡೆದರೆ ಚೆಂಡು ಎತ್ತಲೋ ಹಾರುತ್ತದೆ. ಹಾಗಾಗಿ ಅವರು ಹೊಡೆಯುತ್ತಲೇ ಇರಲಿಲ್ಲ, ನೂಕುತ್ತಿದ್ದರು. ಹಾಕಿಯಲ್ಲಿ ಇದನ್ನು ಪುಶ್ ಅನ್ನುತ್ತಾರೆ: ಸ್ಟಿಕ್ ಎತ್ತದೆ, ಚೆಂಡಿಗೆ ತಾಗಿಸಿಕೊಂಡೇ ಹತ್ತಿರದವಳಿಗೆ ತಳ್ಳುವುದು. ನಾನು ಪೆನ್ಸಿಲ್ ತೆಗೆದು, ಚೆಂಡು ಯಾರಿಂದ ಯಾರಿಗೆ ಹೋಯಿತು ಎಂದು ಕಾಗದದ ಮೇಲೆ ಗೆರೆ ಎಳೆಯುತ್ತ ಹೋದೆ. ಕೈ ಎತ್ತುವ ಅವಶ್ಯಕತೆಯೇ ಬೀಳಲಿಲ್ಲ. ಹನ್ನೊಂದು ಚುಕ್ಕಿ, ಒಂದೇ ಗೆರೆ.

ಬಿಡುವಿನಲ್ಲಿ ಹುಡುಗಿಯರು ಸುತ್ತ ಬಂದು ಕೂತರು. ಹೆಸರು ಕರೆಯುವುದು ಯಾವಾಗ ಶುರುವಾಯಿತು ಎಂದು ಕೇಳಿದೆ.

"ಮೊದಲನೇ ವರ್ಷನೇ ರೀ," ಎಂದಳು ಭಾಗ್ಯಶ್ರೀ. "ಕಾಲೇಜಿಗೆ ಹೋಗೂಕಿಂತ ಮೊದ್ಲು ಆಡಬೇಕು. ಆ ಹೊತ್ತಿಗೆ ಮಂಜು ಇರ್ತದ. ಯಾರೂ ಕಾಣಂಗಿಲ್ಲ. ಕರದ್ರ ಗೊತ್ತಾಗ್ತದ, ಇಲ್ಲಂದ್ರ ಸ್ಟಿಕ್ ಕಾಲಿಗೆ ಬೀಳ್ತದ."

"ಮತ್ತ ಕಲಬುರಗಿ ಮ್ಯಾಚಿನಾಗ ಯಾಕ ಕರೀಲಿಲ್ಲ?"

"ಸರ್ ಬ್ಯಾಡ ಅಂದಾರ. ಚೆಂಡು ಎಲ್ಲಿ ಹೊಂಟದ ಅಂತ ಎದುರಿನವರಿಗೆ ಗೊತ್ತಾಗ್ತದಂತ."

ಕಾಗದದ ಮೇಲಿನ ಗೆರೆಯನ್ನು ತೋರಿಸಿದೆ. ರೂಪಾ ಎಂಬ ಹುಡುಗಿ ಬಗ್ಗಿ ನೋಡಿ, "ಚುಕ್ಕಿ ರಂಗೋಲಿ ಆಗ್ಯಾದಲ್ಲ!" ಎಂದಳು. ನಾನು ರಂಗೋಲಿ ಬರೆದವಳಲ್ಲ. ಆದರೆ ಪೆನ್ಸಿಲ್ ಎತ್ತದೆ ಒಂದೇ ಉಸಿರಿಗೆ ಅಕ್ಷರ ಮುಗಿಸಲು ಅಬ್ಬಾ ಕಲಿಸಿದ್ದರು. ಈ ಹುಡುಗಿಯರ ಆಟದ ಗುಟ್ಟು ಅದಕ್ಕೆ ದೂರದ್ದೇನಲ್ಲ ಅನ್ನಿಸಿತು.

ಇದನ್ನೇ ಲೋಗೊ ಮಾಡೋಣ ಎಂದಾಗ ಅಲ್ಲೇ ಇದ್ದ ಜೋಶಿ ಸರ್ ಒಪ್ಪಲಿಲ್ಲ. "ಇದ್ರಾಗ ಜೋರು ಎಲ್ಲಿ ಅದ ರೀ? ಮೂರು ವರ್ಷ ಮಂದಿ ನಕ್ಕಾರ. ಈಗ ಎದಿ ಮ್ಯಾಲ ಚುಕ್ಕಿ ಹಾಕ್ಕೊಂಡು ಹೋದ್ರ ಮತ್ತೂ ನಗತಾರ." ಅವರ ಕಣ್ಣಲ್ಲಿ ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಇತ್ತು. ತಂಡ ಮುರಿದರೆ ಮೊದಲು ಮುರಿಯುವವರು ಅವರೇ ಎಂದು ನನಗೆ ಆಗ ಹೊಳೆಯಿತು.

ನಾನು ವಾದಿಸಲಿಲ್ಲ. ಬೇವಿನ ಮರದ ಕೆಳಗೆ ಕೂರಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಫೋನಿನ ರೆಕಾರ್ಡಿಂಗ್ ಹಚ್ಚಿದೆ. ಅವರು ಪೂರ್ತಿ ಕೇಳಿದರು. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ.

"ಇಷ್ಟು ವರ್ಷ ಸೀಟಿ ಊದಿಕೋತ ನಿಂತೀನಿ," ಎಂದರು ಕೊನೆಗೆ. "ಇದು ನನಗ ಕೇಳಿಸೇ ಇಲ್ಲ ನೋಡ್ರಿ."

ಪಂದ್ಯದಲ್ಲೂ ಹೆಸರು ಕರೆಯಲು ಹುಡುಗಿಯರಿಗೆ ಒಪ್ಪಿಗೆ ಸಿಕ್ಕಿತು. ಲೋಗೊ ಅಂದೇ ತೀರ್ಮಾನವಾಯಿತು: ಹನ್ನೊಂದು ಚುಕ್ಕಿಗಳನ್ನು ಸುತ್ತಿ ಬರುವ ಒಂದೇ ಗೆರೆ, ಕೆಳಗೆ ಬರೀ 'ಕಮಲಾಪುರ'. ಬಣ್ಣಕ್ಕೆ ಮಾತ್ರ ಮೂರು ದಿನ ಹಿಡಿಯಿತು. ಊರಿನ ಕೆಂಪು ಬಾಳೆಹಣ್ಣಿನ ಬಣ್ಣವೇ ಬೇಕೆಂದು ಹುಡುಗಿಯರ ಹಟ. ಕಂಪ್ಯೂಟರ್ ಪರದೆಯ ಮೇಲಿನ ಬಣ್ಣ ಬೆಳಕಿನಿಂದ ಹುಟ್ಟಿದ್ದು, ಬಟ್ಟೆಯ ಮೇಲಿನದು ಶಾಯಿಯಿಂದ. ಎರಡೂ ಒಂದೇ ಆಗಿ ಕಾಣುವುದು ಅಪರೂಪ. ಜೆರ್ಸಿಗೆ ಸಬ್ಲಿಮೇಷನ್ ಮಾಡುತ್ತೇವೆ, ಅಂದರೆ ಕಾಗದದ ಮೇಲಿನ ಶಾಯಿಯನ್ನು ಬಿಸಿ ಒತ್ತಿ ನೂಲಿನೊಳಗೆ ಇಳಿಸುತ್ತೇವೆ. ಬಿಸಿಗೆ ಬಣ್ಣ ಮತ್ತೆ ಬದಲಾಗುತ್ತದೆ. ನಸೀಮಾ ತಂದುಕೊಟ್ಟ ಹಣ್ಣನ್ನು ಯಂತ್ರದ ಪಕ್ಕದಲ್ಲಿಟ್ಟು, ಸಿಪ್ಪೆ ಕಪ್ಪಾಗುವ ಮೊದಲು ಬಣ್ಣ ಹೊಂದಿಸಬೇಕಿತ್ತು. ಮೊದಲ ಹಣ್ಣು ಕಪ್ಪಾಯಿತು, ಎರಡನೆಯದೂ ಕಪ್ಪಾಯಿತು. ಮೂರನೆಯದಕ್ಕೆ ಬಟ್ಟೆ ಮತ್ತು ಸಿಪ್ಪೆ ಅಕ್ಕತಂಗಿಯರ ಹಾಗೆ ಕಂಡವು. ಆ ಹಣ್ಣನ್ನು ನಾನೇ ತಿಂದೆ.

ಫೆಬ್ರವರಿಯಲ್ಲಿ ಟೂರ್ನಿ. ಎಂಟು ತಂಡಗಳು. ಒಂದು ಪಂದ್ಯ ಗೆದ್ದರೆ ಕೊನೆಯ ನಾಲ್ಕು. ಎದುರಿಗೆ ಬಂದದ್ದು ಆರು ಗೋಲು ಹೊಡೆದಿದ್ದ ಅದೇ ನೀಲಿ ತಂಡ.

ಹಾಕಿ ಪಂದ್ಯದಲ್ಲಿ ಹದಿನೈದು ನಿಮಿಷಗಳ ನಾಲ್ಕು ಭಾಗಗಳಿರುತ್ತವೆ. ಮೊದಲ ಭಾಗ ಶುರುವಾದ ಕೂಡಲೇ ನಮ್ಮ ಹುಡುಗಿಯರ ಕರೆ ಕೇಳಿ ಪ್ರೇಕ್ಷಕರಲ್ಲಿ ನಗು ಎದ್ದಿತು. ಕೆಲವರು ದನಿ ಸಣ್ಣ ಮಾಡಿ, "ರೂಪಾ... ಭಾಗ್ಯಾ..." ಎಂದು ಅಣಕಿಸಿದರು. ಹುಡುಗಿಯರ ದನಿ ತಗ್ಗಿತು. ಎರಡನೆಯ ಭಾಗದಲ್ಲಿ ನಿಂತೇ ಹೋಯಿತು. ದನಿ ನಿಂತದ್ದೇ ಚೆಂಡೂ ದಾರಿ ತಪ್ಪಿತು. ಅರ್ಧ ಪಂದ್ಯ ಮುಗಿದಾಗ ಎರಡು ಗೋಲು ಹಿಂದೆ.

ನಾನು ಬೆಂಚಿನ ಹಿಂದೆ ನಿಂತಿದ್ದೆ. ನನ್ನ ಚುಕ್ಕಿಗಳಿಂದಲೇ ಇವರಿಗೆ ಈ ಅವಮಾನವಾಯಿತೇನೋ ಅನ್ನಿಸಿತು. ಜೋಶಿ ಸರ್ ಹುಡುಗಿಯರ ನಡುವೆ ಹೋಗಿ ನಿಂತರು. ಬೈಯುತ್ತಾರೆ ಎಂದುಕೊಂಡೆ.

"ಯಾಕ ಸುಮ್ನಾದ್ರಿ?" ಎಂದರು. "ನಿಮ್ಮ ಬಾಯಿ ಮುಚ್ಚಿಸಿದವ ಮೊದಲು ನಾನು. ಅದು ನನ್ನ ತಪ್ಪು. ಮಂದಿ ನಕ್ರ ನಗಲಿ. ಕರೀರಿ. ನಿಮ್ಮ ಜೋಡಿ ನಾನೂ ಕರೀತೀನಿ."

ಕರೆದರು. ಅರವತ್ತು ದಾಟಿದ ಮನುಷ್ಯ, ದನಿ ಒಡೆದರೂ ಬಿಡದೆ, ಗೆರೆಯ ಆಚೆ ಓಡಾಡುತ್ತ ಒಬ್ಬೊಬ್ಬಳ ಹೆಸರನ್ನೂ ಕರೆದರು. ಮೂರನೆಯ ಭಾಗದಲ್ಲಿ ಆ ಮುಂಜಾನೆಯ ಮೈದಾನ ನಿಧಾನವಾಗಿ ಮರಳಿ ಬಂತು. ಸುಡುವ ಬಿಸಿಲಿನಲ್ಲಿ ನಿಂತಿದ್ದರೂ ನನ್ನ ಕೆನ್ನೆಗೆ ತಂಪು ತಾಗಿದಂತೆನಿಸಿತು. ಚೆಂಡು ಓಡುವುದನ್ನು ಬಿಟ್ಟು ತೇಲತೊಡಗಿತು. ಯಾರಿಗೆ ಹೋಗುತ್ತದೆ ಎಂದು ನೀಲಿ ತಂಡಕ್ಕೆ ಕೇಳಿಸುತ್ತಿತ್ತು, ಆದರೆ ಅವರ ಸ್ಟಿಕ್ ತಲುಪುವಷ್ಟರಲ್ಲಿ ಇನ್ನೊಂದು ಹೆಸರು ಬಂದಿರುತ್ತಿತ್ತು. ಏಳು ಪುಶ್‌ಗಳ ನಂತರ ರೂಪಾ ಚೆಂಡನ್ನು ಗೋಲಿನೊಳಗೆ ಮುಟ್ಟಿಸಿದಳು.

ಅಷ್ಟರಲ್ಲಿ ಅಣಕಿಸುತ್ತಿದ್ದವರಿಗೆ ಹನ್ನೊಂದೂ ಹೆಸರು ಬಾಯಿಪಾಠವಾಗಿದ್ದವು. ಕೊನೆಯ ಭಾಗದಲ್ಲಿ ಅವರು ಕರೆಯುತ್ತಲೇ ಇದ್ದರು, ದನಿಯಲ್ಲಿ ಅಣಕ ಇರಲಿಲ್ಲ. ಮೂರು ನಿಮಿಷ ಉಳಿದಿದ್ದಾಗ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಗೋಲಿನ ಮುಂದಿನ ವೃತ್ತದೊಳಗೆ ಎದುರಿನವರು ತಪ್ಪು ಮಾಡಿದರೆ ಸಿಗುವ ಅವಕಾಶ ಅದು. ಹಿಂದಿನ ಗೆರೆಯಿಂದ ಒಬ್ಬಳು ಚೆಂಡು ತಳ್ಳುತ್ತಾಳೆ, ಅದನ್ನು ವೃತ್ತದ ಹೊರಗೆ ತಡೆದು, ಒಳಗೆ ತಂದು ಗೋಲಿಗೆ ಗುರಿಯಿಡಬೇಕು. ಭಾಗ್ಯಶ್ರೀ ಗುರಿ ತಪ್ಪಲಿಲ್ಲ. ಎರಡು, ಎರಡು.

ಸಮವಾದರೆ ಶೂಟೌಟ್. ತಂಡಕ್ಕೆ ಐದೈದು ಸಲ, ಎಂಟೆಂಟು ಸೆಕೆಂಡು, ಒಬ್ಬ ಆಟಗಾರ್ತಿಗೆ ಒಬ್ಬಳೇ ಗೋಲ್‌ಕೀಪರ್. ಉಳಿದವರು ದೂರದಲ್ಲಿ ಹೆಗಲಿಗೆ ಕೈ ಹಾಕಿಕೊಂಡು ನಿಂತು ಒಂದೇ ಹೆಸರು ಕರೆದರು. ನಸೀಮಾ ಮೂರು ಚೆಂಡು ತಡೆದಳು. ಕಮಲಾಪುರ ಮೂರು ಗೋಲು, ನಗರ ಎರಡು. ಮೈಕಿನಲ್ಲಿ "ಕಮಲಾಪುರ" ಎಂಬ ಶಬ್ದ ಬಂದಾಗ ಜೋಶಿ ಸರ್ ಬೆಂಚಿನ ಮೇಲೆ ಕೂತು ಮುಖಕ್ಕೆ ಟವೆಲ್ ಹಾಕಿಕೊಂಡರು.

ಮುಂದಿನ ಪಂದ್ಯವನ್ನು ಹುಡುಗಿಯರು ಸೋತರು, ಒಂದಕ್ಕೆ ಮೂರು. ಯಾರೂ ಅಳಲಿಲ್ಲ. ಸಂಘಟಕರು ಕೊಟ್ಟ ಮಾತಿಗೆ ನಿಂತರು, ತಂಡ ಉಳಿಯಿತು. ನಗರದ ತಂಡದಿಂದ ಭಾಗ್ಯಶ್ರೀಗೆ ಕರೆ ಬಂದೇ ಬಂತು. ಆ ವರ್ಷ ಅವಳು ಹೋಗಲಿಲ್ಲ, ಮರುವರ್ಷ ಹೋದಳು. ಹೋಗುವಾಗ ಕ್ಯಾಪ್ಟನ್ ಪಟ್ಟಿಯನ್ನು ರೂಪಾಳ ತೋಳಿಗೆ ತಾನೇ ಕಟ್ಟಿದಳಂತೆ. ಈಗ ಕಮಲಾಪುರದಲ್ಲಿ ಕಿರಿಯರ ತಂಡವೂ ಇದೆ. ಮೊದಲ ದಿನ ಸ್ಟಿಕ್ ಹಿಡಿಯುವುದಕ್ಕಿಂತ ಮೊದಲು ಅವರಿಗೆ ಎಲ್ಲರ ಹೆಸರು ಕಲಿಸುತ್ತಾರೆ.

ಗುರುತು ಕೊಡುವವಳು ನಾನು ಎಂಬ ಸೊಕ್ಕು ನನಗಿತ್ತು. ಆ ಹುಡುಗಿಯರಲ್ಲಿ ಗುರುತು ಮೊದಲೇ ಇತ್ತು. ನನ್ನ ಪಾಲಿನ ಕೆಲಸ ಅದು ಕಣ್ಣಿಗೆ ಬೀಳುವ ತನಕ ನಿಂತು ನೋಡುವುದು, ಆಮೇಲೆ ಗೆರೆ ಎಳೆಯುವುದು. ನೋಡುವುದಕ್ಕೆ ಗಂಟೆಗಳು ಬೇಕು, ಗೆರೆಗೆ ಹತ್ತೇ ನಿಮಿಷ ಸಾಕು. ಅಷ್ಟು ವರ್ಷ ನಾನು ಹತ್ತು ನಿಮಿಷವನ್ನಷ್ಟೇ ದುಡಿದಿದ್ದೆ.

ಈಗ ಯಾರೇ ಲೋಗೊ ಕೇಳಿಕೊಂಡು ಬಂದರೂ, "ನಿಮ್ಮ ಕೆಲಸ ನಡಿಯೂ ಜಾಗಕ್ಕ ಒಂದಿನ ಬರ್ಲೇನ್ರಿ?" ಎಂದು ಕೇಳುತ್ತೇನೆ. ಕೆಲವರು ನಕ್ಕು ಪಕ್ಕದ ಅಂಗಡಿಗೆ ಹೋಗುತ್ತಾರೆ. ಕೆಲವರು ತಮ್ಮಲ್ಲಿ ನೋಡುವಂಥದ್ದು ಏನಿದೆ ಎಂದು ತಾವೇ ಯೋಚಿಸಿ, "ಯಾವಾಗ ಬರ್ತೀರಿ?" ಎನ್ನುತ್ತಾರೆ.