ಮೂರನೇ ಕಿಟಕಿಯ ಗುಹಾಮಾನವ

ನಾನು ಜಗಳಗಂಟನಲ್ಲ ಎಂದು ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು ಯಾರು ಬೇಕಾದರೂ ಸಾಕ್ಷಿ ಹೇಳಿಯಾರು. ಆದರೂ ಆ ವರ್ಷ ಮನುಷ್ಯನ ಹಿಂಸೆಯ ಬೇರು ಹುಡುಕುವ ಒಂದು ದಪ್ಪ ಪುಸ್ತಕ ಓದುತ್ತಿದ್ದೆ. ಪ್ಯಾಂಟು ತೊಟ್ಟರೂ ನಮ್ಮ ತಲೆ ಇನ್ನೂ ಗುಹೆಯ ಕಾಲದ್ದೇ, ತನ್ನ ಜಾಗಕ್ಕೆ ಬೇರೊಬ್ಬ ಕಾಲಿಟ್ಟರೆ ಕೈ ತಾನಾಗಿ ಕಲ್ಲು ಹುಡುಕುತ್ತದೆ ಎಂಬುದು ಅದರ ಸಾರ. ಓದುತ್ತಿದ್ದದ್ದು ಕಾರವಾರದಿಂದ ಕೈಗಾ ಅಣುಸ್ಥಾವರಕ್ಕೆ ಹೋಗುವ ನಮ್ಮ ನೌಕರರ ಬಸ್ಸಿನಲ್ಲಿ, ಎಡಗಡೆಯ ಮೂರನೇ ಕಿಟಕಿಯ ಪಕ್ಕ ಕೂತು. ಗುಹೆಯವರನ್ನು ನೆನೆದು ಅಯ್ಯೋ ಪಾಪ ಅನ್ನಿಸುತ್ತಿತ್ತು.

ಈ ಬಸ್ಸಿನಲ್ಲಿ ಸೀಟಿಗೆ ನಂಬರಿಲ್ಲ, ಒಡೆಯರಿದ್ದಾರೆ. ಒಡೆಯರು ರಜೆ ಹಾಕಿದ ದಿನವೂ ಅಲ್ಲಿ ಕೂರುವವನು ಅರ್ಧ ಅಂಡೂರಿ, ಕಳ್ಳನ ಮುಖ ಮಾಡಿಕೊಂಡೇ ಕೂರಬೇಕು. ಪರಮಾಣುವನ್ನು ಪಳಗಿಸುವ ಜನ ನಾವು, ಸೀಟಿನ ವಿಷಯದಲ್ಲಿ ಮಾತ್ರ ಪಳಗಿಲ್ಲ.

ಒಂದು ಸೋಮವಾರ ಹತ್ತಿ ನೋಡುತ್ತೇನೆ, ನನ್ನ ಸೀಟಿನಲ್ಲಿ ಅಪರಿಚಿತರೊಬ್ಬರು! ಹೊಸದಾಗಿ ಕೆಲಸಕ್ಕೆ ಸೇರಿದ ಹಿಲ್ಲೂರು ಕಡೆಯ ಬೀರಣ್ಣ ಎಂದು ಆಮೇಲೆ ತಿಳಿಯಿತು. ನನಗೆ ನಿಜಕ್ಕೂ ಸಿಟ್ಟು ಬಂತು, ಕಿವಿ ಬಿಸಿಯಾಯಿತು. ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಈಗ ಬಿಟ್ಟರೆ ನಾಳೆಯಿಂದ ಸೀಟೂ ಇಲ್ಲ, ಮರ್ಯಾದೆಯೂ ಇಲ್ಲ. ಹಿಂದಿನ ಸೀಟಿನ ಗಾಂವಕರರು, "ಎಂತಾ ನೋಡ್ತ್ರಿ ಮಾರಾಯ್ರೆ, ಎಬ್ಸಿ ಅವ್ರನ್ನ!" ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕಣ್ಣು ಎದುರಾಳಿಯ ತೋಳಿನ ದಪ್ಪವನ್ನು ಅಳೆದು ಮುಗಿಸಿತ್ತು. ಪುಸ್ತಕದಲ್ಲಿ ಇದೂ ಇತ್ತು.

ಅಷ್ಟರಲ್ಲಿ ಆ ಆಜಾನುಬಾಹುವೇ ದೀನರಾಗಿ, "ತಪ್ಪು ತಿಳ್ಕಬೇಡಿ ಸರ್. ಕಿಟಕಿ ಇಲ್ದಿದ್ರೆ ನಂಗೆ ವಾಂತಿ ಬತ್ತದೆ. ದಾರೀಲಿ ಕದ್ರಾ ದಾಟೂದೇ ಕಷ್ಟ" ಎಂದರು.

ಇಸ್ತ್ರಿ ಮಾಡಿದ ನನ್ನ ಬಿಳಿ ಅಂಗಿಯನ್ನೊಮ್ಮೆ ನೋಡಿಕೊಂಡೆ. "ನೀವೇ ಕೂತ್ಕಳಿ" ಎಂದು ಪಕ್ಕದಲ್ಲಿ ಕೂತೆ. ಬಸ್ಸಿನವರು ನನ್ನ ದೊಡ್ಡ ಗುಣವನ್ನು ಹೊಗಳಿದರು, ನಾನು ತಡೆಯಲಿಲ್ಲ. ಬೀರಣ್ಣ ಜೇಬಿನಿಂದ ಲಿಂಬೆಹುಳಿ ಪೆಪ್ಪರಮೆಂಟು ತೆಗೆದು ತಾವೊಂದು ಬಾಯಿಗೆ ಹಾಕಿಕೊಂಡು ನನಗೊಂದು ಕೊಟ್ಟರು. ಅದನ್ನು ಚೀಪುತ್ತ ಹೊಳೆಯಿತು: ಜಾಗಕ್ಕಾಗಿ ಬಡಿದಾಡಿ ಸತ್ತವರಿಗೆ ಮಕ್ಕಳೆಲ್ಲಿ? ನಾವೆಲ್ಲ ಸ್ವಲ್ಪ ಸರಿದು ಕೂತವರ ಸಂತಾನವೇ ಇರಬೇಕು. ಪುಸ್ತಕ ಬರೆದವರಿಗೂ ತೋಚದ್ದು ನನಗೆ ತೋಚಿತೆಂದು ಆ ದಿನವೆಲ್ಲ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಮರುದಿನ ಬೀರಣ್ಣ ಬರುವುದು ತುಸು ತಡವಾಯಿತು. ಬೇರೆ ಯಾರೋ ಬಂದು ಆ ಕಿಟಕಿಯ ಪಕ್ಕ ಕೂತರು. "ಏಳಿ ಮಾರಾಯ್ರೆ, ಅದು ನಮ್ಮ ಬೀರಣ್ಣನ ಸೀಟು!" ಎಂಬ ಅಬ್ಬರಕ್ಕೆ ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಅಬ್ಬರಿಸಿದವನು ನಾನು. ಕಿವಿ ನಿನ್ನೆಯಷ್ಟೇ ಬಿಸಿಯಾಗಿತ್ತು. ಗುಹೆ ಅದೇ, ಒಳಗಿನ ನಮ್ಮವರ ಸಾಲಿಗೆ ಬೀರಣ್ಣ ಒಬ್ಬರು ಹೆಚ್ಚಾಗಿದ್ದರು, ಅಷ್ಟೆ.