ಅವ್ರನ್ನೇ ಕೇಳಿ

ಬಸವನಗುಡಿಯ ನಮ್ಮ ಮನೆ ಬ್ರೋಕರ್ ಒಂದು ಕಡೆ ಕೂರುತ್ತಿರಲಿಲ್ಲ. ಬೀಗದ ಕೈ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಾ ಬಾಗಿಲಲ್ಲೇ ನಿಲ್ಲುತ್ತಿದ್ದರು. ಬಾಡಿಗೆಗೆ ಬಂದವರ ಬಗ್ಗೆ ಮಾಲೀಕರು "ನಮ್ಮೋರಾ?" ಎಂದು ಪಿಸುಗುಟ್ಟಿದರೆ ಅವರದು ಒಂದೇ ಮಾತು: "ಎದುರಿಗೇ ಇದಾರಲ್ಲ, ಅವ್ರನ್ನೇ ಕೇಳಿ."

ಒಮ್ಮೆ ನಮ್ಮ ಔಟ್‌ಹೌಸಿಗೆಂದು ಒಬ್ಬ ನರ್ಸನ್ನು ಕರೆತಂದರು. ಆಗಲೇ ಏಳು ಮನೆಯವರು ಇಲ್ಲವೆಂದಿದ್ದರಂತೆ. ಅವಳು ಹಾಸ್ಟೆಲ್ ಬಿಡಲು ಎರಡೇ ದಿನ ಉಳಿದಿತ್ತು. ನಮ್ಮತ್ತೆ ಬ್ರೋಕರನ್ನು ಒಳಗೆ ಕರೆದು ಅದನ್ನೇ ಪಿಸುಗುಟ್ಟಿದರು, ಅದೇ ಉತ್ತರ ಬಂತು. ಅವಳು ಕೂತಿದ್ದ ನಡುಮನೆಗೆ ಬಂದರೆ, ಮುಖ ನೋಡಿ ಜಾತಿ ಕೇಳಲು ಅತ್ತೆಗೆ ನಾಲಿಗೆ ಹೊರಳಲಿಲ್ಲ.

"ಅಡುಗೆ... ಏನೇನ್ ಮಾಡ್ಕೋತೀಯಮ್ಮ?"

"ಭಾನುವಾರ ಮೀನ್ ಸಾರು, ಅಮ್ಮಾ. ಸುಳ್ಳು ಹೇಳಿ ಸೇರ್ಕೊಳಲ್ಲ."

ಬ್ರೋಕರ್ ಕೈಯ ಗೊಂಚಲು ನಿಂತಿತು. ನಾನು ಖಾಲಿ ಲೋಟಗಳನ್ನೇ ಮತ್ತೆ ಮತ್ತೆ ಜೋಡಿಸಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು.

"ಭಾನುವಾರ ಯಾವ ಕಿಟಕಿ ಹಾಕ್ಕೋಬೇಕು, ತೋರಿಸ್ತೀನಿ ಬಾ."