ಅಣ್ಣನ ಜೊತೆ ಬಾಗಿಲು ನೋಡಲು ಹೋದದ್ದು

ಕಾರು ಮಾರಿಬಿಡುವುದೆಂದು ತೀರ್ಮಾನವಾದ ಮೇಲೆ ಮೊನ್ನೆ ಅದನ್ನು ಶುಚಿ ಮಾಡಲು ಕೂತೆ. ಎಡಗಡೆಯ ಸೀಟನ್ನು ಹಿಂದಕ್ಕೆ ತಳ್ಳಿದಾಗ ಕಡಲೆಕಾಯಿ ಸಿಪ್ಪೆ, ಒಂದು ತಲೆಪಿನ್ನು, ಮಾಸಿದ ಟೋಲ್ ಚೀಟಿಗಳ ನಡುವೆ ಒಂದು ಚಪ್ಪಟೆ ಕೆಂಪು ಪೆನ್ಸಿಲು ಸಿಕ್ಕಿತು. ಆಚಾರಿಗಳು ಕಿವಿಯ ಮೇಲೆ ಸಿಕ್ಕಿಸಿಕೊಂಡು ಓಡಾಡುತ್ತಾರಲ್ಲ, ಅಂಥದ್ದು. ಮೊನೆ ಉಳಿಯಲ್ಲಿ ಹೆರೆದದ್ದು. ಅದು ನಮ್ಮಣ್ಣನದೇ. ಆರು ವರ್ಷದ ಹಿಂದೆ ಅದಕ್ಕಾಗಿ ಅವನು ಜೇಬೆಲ್ಲ ತಡಕಾಡಿದ್ದ, ನಾನು "ಎಲ್ಲಾದ್ರೂ ಬಿದ್ದಿರುತ್ತೆ, ನಡಿ ಅಣ್ಣ, ಲೇಟಾಯ್ತು" ಎಂದು ಗದರಿದ್ದೆ.

ಲೇಟಾಯ್ತು ಎನ್ನುವುದು ನನ್ನ ಬಾಯಲ್ಲಿ ಉಸಿರಿನಷ್ಟೇ ಸಲೀಸು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಕಾಲು ಗಂಟೆ ಸುಮ್ಮನೆ ಕೂತರೆ ಏನೋ ಕಳೆದುಹೋದಂತೆ ಮೈಯೆಲ್ಲ ಚಡಪಡಿಸುತ್ತದೆ. ಮದುವೆ ಮನೆಗೆ ಹೋದರೆ ಧಾರೆಗೆ ಮುಂಚೆಯೇ ಚಪ್ಪಲಿ ಎಲ್ಲಿದೆ ಎಂದು ನೋಡಿಟ್ಟುಕೊಳ್ಳುತ್ತೇನೆ. ಅಣ್ಣ ಇದಕ್ಕೆ ಪೂರಾ ಉಲ್ಟಾ. ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನ ಹಿಂದೆ ಅವನ ಮರಗೆಲಸದ ಅಂಗಡಿ. ಒಂದು ಹಲಗೆಯನ್ನು ಗೋಡೆಗೆ ಒರಗಿಸಿ ಎದುರಿಗೆ ಬೀಡಿ ಹಚ್ಚಿ ಕೂತನೆಂದರೆ ಬೀಡಿ ಮುಗಿದು, ಇನ್ನೊಂದೂ ಮುಗಿದು, ಆಮೇಲೆ ಎದ್ದು ಹಲಗೆಯನ್ನು ತಲೆಕೆಳಗು ಮಾಡಿ ಮತ್ತೆ ಕೂರುವವನು. ಒಂದೇ ತಾಯಿ ಇಬ್ಬರನ್ನೂ ಹೇಗೆ ಸಾಕಿದಳೋ, ನೀವೇ ಯೋಚನೆ ಮಾಡಿ.

ಆ ಹೊತ್ತಿಗೆ ಅಣ್ಣನ ಕಸುಬು ಕಸುಬಾಗಿ ಉಳಿದಿರಲಿಲ್ಲ. ಬಾಗಿಲುಗಳು ಪ್ಲಾಸ್ಟಿಕ್ ಸುತ್ತಿಕೊಂಡು ಲಾರಿಯಲ್ಲಿ ಬಂದಿಳಿಯುತ್ತಿದ್ದವು. ಅಣ್ಣ ಹೋಗಿ ಅವಕ್ಕೆ ಕೀಲು ಹೊಡೆದು ನಿಲ್ಲಿಸಿ ಬರುತ್ತಿದ್ದ. ಮೂರು ತಲೆಮಾರು ಬಾಗಿಲು ಕೆತ್ತಿದ ಮನೆಯವನು ಬೇರೆಯವರು ಮಾಡಿದ ಬಾಗಿಲನ್ನು ಎತ್ತಿ ನಿಲ್ಲಿಸುವುದಕ್ಕೆ ಹೋಗುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ಅಷ್ಟರಲ್ಲಿ ಪಾಂಡವಪುರದ ಕಡೆಯ ಒಂದು ಹಳ್ಳಿಯಿಂದ ಕರೆ ಬಂತು. ನಾಲೆಯ ಪಕ್ಕದ ಹಳೇ ಚರ್ಚಿಗೆ ಹೊಸ ಬಾಗಿಲು ಬೇಕಂತೆ, ಎರಡಾಳೆತ್ತರದ್ದು, ತೇಗದ್ದು, ಕೆತ್ತನೆಯದ್ದು. ಅಲ್ಲಿನ ಫಾದರ್ ಯಾರದೋ ಮನೆಯಲ್ಲಿ ಅಣ್ಣ ಮಾಡಿದ ದೇವರ ಮಂಟಪ ನೋಡಿದ್ದರಂತೆ.

ಅಣ್ಣ ಒಂದು ವಾರ ಹಗಲುಗನಸಿನಲ್ಲಿದ್ದ. ಆಮೇಲೆ ನನಗೆ ಫೋನು ಮಾಡಿದ.

"ನಾನು ಚರ್ಚಿನ ಬಾಗ್ಲು ಮಾಡಿಲ್ಲ ಕಣವ್ವ. ನಾಕು ಕಡೆ ನೋಡ್ಕೊಂಡು ಬರ್ಬೇಕು. ನಿನ್ ಕಾರ್‍ನಾಗೆ ಕರ್ಕೊಂಡೋಯ್ತೀಯಾ?" ಎಂದ. ಜೊತೆಗೆ, "ಬಲಗೈ ಹೆಬ್ಬೆಟ್ಟು ಅದುರ್ತಾ ಅದೆ. ದೊಡ್ಡದು ಅಂತ ಮಾಡುದ್ರೆ ಇದೇ ಕೊನೇದು" ಎಂದ.

ನಾನು ಆಗಷ್ಟೇ ಲೈಸೆನ್ಸು ಪಡೆದವಳು. ಎಲ್ಲಿಗಾದರೂ ಓಡಿಸಲು ಕೈ ಕಡಿಯುತ್ತಿತ್ತು. ರಜೆಯ ಎರಡು ದಿನಕ್ಕೆ ಟೈಮ್ ಟೇಬಲ್ ಬರೆದೆ. ಚರ್ಚುಗಳು ಮೂರು. ದಾರಿಯಲ್ಲೇ ಇವೆ ಎಂದು ಹೊಸಹೊಳಲು, ಕಿಕ್ಕೇರಿ, ನಾಗಮಂಗಲದ ದೇವಸ್ಥಾನಗಳನ್ನೂ ಸೇರಿಸಿದೆ. ಒಂದೊಂದಕ್ಕೆ ನಲವತ್ತು ನಿಮಿಷ, ಊಟಕ್ಕೆ ಅರ್ಧ ಗಂಟೆ. ಅಣ್ಣ ಆ ಹಾಳೆಯನ್ನು ಹಿಂದು ಮುಂದು ತಿರುಗಿಸಿ ನೋಡಿ, "ಉಚ್ಚೆ ಉಯ್ಯಕ್ಕೆ ಎಷ್ಟೊತ್ತು ಮಡಗಿದ್ದೀಯಾ?" ಎಂದು ಕೇಳಿದ.

ಹೊಸಹೊಳಲಿನಲ್ಲೇ ನನ್ನ ಲೆಕ್ಕ ತಪ್ಪಿತು. ನಾನು ದೇವಸ್ಥಾನವನ್ನು ಒಂದು ಸುತ್ತು ಹಾಕಿ, ಗೋಡೆಯ ಮೇಲಿನ ಆನೆ, ಕುದುರೆ, ಹಂಸಗಳ ಸಾಲುಗಳನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಬಂದರೆ ಅಣ್ಣ ಒಳಗೆ ಒಂದೇ ಕಂಬದ ಹತ್ತಿರ ನಿಂತಿದ್ದಾನೆ. ಅಂಗೈಯನ್ನು ಅದರ ಸುತ್ತು ಬಳೆಗಳ ಮೇಲೆ ಆಡಿಸುತ್ತಿದ್ದಾನೆ. "ಇವ್ರು ಮರದೋರ ಹತ್ರ ಕಲ್ತವ್ರೆ ಕಣಮ್ಮಿ. ಇದು ಕಡೆದಿರೋ ಮರ. ಕಲ್ಲಾಗೆ ಮಾಡವ್ರೆ ಅಷ್ಟೆಯ" ಎಂದ. ದೇವರಿಗೆ ಕೈ ಮುಗಿಯುವುದನ್ನೇ ಮರೆತು ಹೊರಗೆ ಬಂದು, ಮತ್ತೆ ನೆನಪಾಗಿ ಒಳಗೆ ಹೋದ. ಕಿಕ್ಕೇರಿಯನ್ನು ನಾನು ಟೈಮ್ ಟೇಬಲ್ಲಿನಿಂದ ಹೊಡೆದುಹಾಕಬೇಕಾಯಿತು. ನಾಗಮಂಗಲದಲ್ಲೂ ಅಷ್ಟೆ. ಅಷ್ಟೆತ್ತರದ ಗೋಪುರವನ್ನು ಬಿಟ್ಟು ಬಾಗಿಲ ಕೀಲು ತಿರುಗುವ ಕುಳಿಯಲ್ಲಿ ಬೆರಳಿಟ್ಟು ಕೂತ. ನಾನು ಅಂಗಳದಲ್ಲಿ ಅತ್ತಿಂದಿತ್ತ ನಡೆದು ನಡೆದು ಕಾಲು ಸುಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಶ್ರೀರಂಗಪಟ್ಟಣ ದಾಟಿ ಗಂಜಾಮಿನ ಚರ್ಚಿಗೆ ಹೋದೆವು. ಅಣ್ಣ ಚರ್ಚಿನೊಳಗೆ ಕಾಲಿಡುತ್ತಿದ್ದದ್ದು ಅದೇ ಮೊದಲು. ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ ಎಂದು ನೋಡಿದರೆ ಬಾಗಿಲಲ್ಲಿ ಬಗ್ಗಿ ನೆಲ ನೋಡುತ್ತಿದ್ದಾನೆ.

"ಹೊಸ್ತಿಲು ಎಲ್ಲವ್ವ? ಏನನ್ನ ದಾಟ್ಕೊಂಡು ಒಳಕ್ಕೆ ಬರೋದು?"

"ಸುಮ್ನೆ ನಡ್ಕೊಂಡು ಬಾ ಅಣ್ಣ."

ಅವನು ಇಲ್ಲದ ಹೊಸ್ತಿಲನ್ನು ಬಲಗಾಲೆತ್ತಿ ದಾಟಿ ಒಳಗೆ ಬಂದ. ನನಗೆ ನಗು ಬಂತು, ಬೆಂಚಿನ ಮೇಲೆ ಮಂಡಿಯೂರಿದ್ದ ಹೆಂಗಸರನ್ನು ನೋಡಿ ತಡೆದುಕೊಂಡೆ. ಅಲ್ಲಿಂದ ಇನ್ನೊಂದು ಊರಿನ ಹೆಂಚಿನ ಚರ್ಚಿಗೆ ಹೋದೆವು. ಅದರ ಪೀಠದ ಮೇಲಿನ ಮರದ ಕಮಾನಿನಲ್ಲಿ ನಮ್ಮ ಕಡೆಯ ಕಮಲ, ಬಾಳೆಹೂವು ಎಲ್ಲ ಇದ್ದವು. ಬಣ್ಣದ ಗಾಜಿನಿಂದ ಬಿದ್ದ ಬೆಳಕು ಅಣ್ಣನ ಬಿಳಿ ಅಂಗಿಯನ್ನು ಒಂದು ಕಡೆ ಕೆಂಪು, ಒಂದು ಕಡೆ ಹಸಿರು ಮಾಡಿತ್ತು. ಅವನಿಗೆ ಅದರ ಗೊಡವೆಯೇ ಇಲ್ಲ. ಪೆನ್ಸಿಲು ಕಳೆದದ್ದು ಅಲ್ಲೇ ಗೊತ್ತಾಗಿ, ನನ್ನ ಪೆನ್ನು ಇಸಿದುಕೊಂಡು ಅಂಗೈ ಮೇಲೆ ಏನೇನೋ ಗೀಚಿಕೊಂಡ.

ಕೊನೆಗೆ ಕೆಲಸಕ್ಕೆ ಕರೆದಿದ್ದ ಚರ್ಚು. ಸುಣ್ಣ ಬಳಿದ ಗೋಡೆ, ಮೇಲೆ ಪುಟ್ಟ ಗಂಟೆ ಗೂಡು, ಸುತ್ತ ಕಬ್ಬಿನ ಗದ್ದೆ. ಫಾದರ್ ಇನ್ನೂ ಹುಡುಗನಂತಿದ್ದರು, ಮೈಸೂರಿನ ಕಡೆಯವರು. ಕಾಫಿ ಕೊಟ್ಟು ಕೂರಿಸಿದರು. ಅಣ್ಣ ಎರಡು ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟ.

"ಸ್ವಾಮಿ, ಈ ಮನೆ ಯಜಮಾನ್ರ ನಕ್ಷತ್ರ ಯಾವ್ದು?"

ಫಾದರಿಗೆ ಅರ್ಥವಾಗಲಿಲ್ಲ. ನಾನು ನೆಲ ನೋಡಿದೆ. ನಮ್ಮಲ್ಲಿ ಬಾಗಿಲಿಗೆ ಅಳತೆ ಇಡುವ ಮೊದಲು ಮನೆ ಯಜಮಾನನ ಜನ್ಮನಕ್ಷತ್ರ ಕೇಳಿ ಆಯ ಹಾಕುತ್ತಾರೆ. ಯಾವ ಅಳತೆ ಆ ಮನೆಗೆ ಆಗಿಬರುತ್ತದೆ ಎನ್ನುವ ಲೆಕ್ಕ ಅದು. ಅದಿಲ್ಲದೆ ಅಣ್ಣ ಕೊಟ್ಟಿಗೆಗೂ ಬಾಗಿಲು ಇಟ್ಟವನಲ್ಲ. "ಅವ್ರು ಹುಟ್ಟಿದಾಗ ಆಕಾಶ್ದಾಗೆ ಒಂದು ನಕ್ಷತ್ರ ಕಾಣಿಸ್ಕತ್ತು ಅಂತಾರಲ್ಲ, ಅದು ಯಾವ್ದು ಅಂತ ಹೇಳುದ್ರೂ ಸಾಕು" ಎಂದು ಅಣ್ಣ ಗೋಡೆಯ ಶಿಲುಬೆಯ ಕಡೆ ಕೈ ತೋರಿಸಿ ಸಹಾಯ ಮಾಡಲು ನೋಡಿದ.

ಫಾದರ್ ನಗಲಿಲ್ಲ. ಅದಕ್ಕೆ ನಾನು ಅವರನ್ನು ಇವತ್ತಿಗೂ ನೆನೆಯುತ್ತೇನೆ. ಸ್ವಲ್ಪ ಹೊತ್ತು ಯೋಚಿಸಿ, "ಅದರ ಹೆಸರು ಯಾರೂ ಬರೆದಿಟ್ಟಿಲ್ಲ ಆಚಾರ್ರೇ. ಆದ್ರೆ ಒಂದು ಹೇಳ್ತೀನಿ. ಈ ಮನೆ ಯಜಮಾನರು ಬೆಳೆದದ್ದು ಮರಗೆಲಸದವರ ಮನೇಲಿ. ಅವರೂ ಉಳಿ ಹಿಡಿದವರೇ" ಎಂದರು.

ಅಣ್ಣ ಕಾಫಿ ಲೋಟ ಕೆಳಗಿಟ್ಟ. "ನಮ್ ಕಸುಬಿನೋರಾ?" ಎಂದು ಎರಡು ಸಲ ಕೇಳಿದ. ಎದ್ದು ನೇರ ಹಳೇ ಬಾಗಿಲ ಹತ್ತಿರ ಹೋದ. ಅಲ್ಲಿಯವರೆಗೆ ಅದನ್ನು ಕಿತ್ತು ಹಾಕುವ ಬಾಗಿಲು ಎಂದು ಸರಿಯಾಗಿ ನೋಡಿಯೂ ಇರಲಿಲ್ಲ. ಬುಡದಲ್ಲಿ ಒಂದು ಅಡಿಯಷ್ಟು ಮರ ಕರಗಿ ಗೋಣಿಚೀಲದಂತಾಗಿತ್ತು. ಹೊಸ್ತಿಲಿಲ್ಲವಲ್ಲ, ವಾರವಾರ ನೆಲ ತೊಳೆದ ನೀರೆಲ್ಲ ಅಲ್ಲೇ ಹಾದು ಹೋಗಬೇಕು. ಅಣ್ಣ ಬಾಗಿಲನ್ನು ಎಳೆದು, ಅದರ ಮತ್ತು ಗೋಡೆಯ ಸಂದಿಗೆ ನುಗ್ಗಿ ನಿಂತ. ನನಗೆ ಅವನ ಕಾಲು ಮಾತ್ರ ಕಾಣುತ್ತಿತ್ತು.

"ಏನ್ ಮಾಡ್ತಿದ್ದೀಯಾ ಅಣ್ಣ?"

"ಹಿಂದ್ಗಡೆ ನೋಡ್ತಾ ಇವ್ನಿ. ಆಚಾರಿ ಮನೆಗೆ ಬಾಗ್ಲು ಮಾಡೋನು ಮುಂದ್ಗಡೆ ಒಂದೇ ಚೆನ್ನಾಗಿ ಮಾಡಿ ತಪ್ಪಿಸ್ಕೊಳಕ್ಕಾಗಲ್ಲ ಕಣವ್ವ. ಯಜಮಾನ ಮೊದ್ಲು ಹಿಂದ್ಗಡೆನೇ ನೋಡೋದು."

ಅವನು ಅಲ್ಲಿಂದ ಹೊರಗೆ ಬರಲು ಅರ್ಧ ಗಂಟೆ ಹಿಡಿಯಿತು. ಕೂದಲ ತುಂಬ ಜೇಡರ ಬಲೆ. ಬಂದವನೇ ಫಾದರಿಗೆ ಹೇಳಿದ: "ಹೊಸ ಬಾಗ್ಲು ಬ್ಯಾಡಿ ಸ್ವಾಮಿ. ಹಿಂದ್ಗಡೆ ಯಾರೂ ನೋಡ್ದೆ ಇರೋ ಜಾಗ್ದಾಗೂ ಆ ಪುಣ್ಯಾತ್ಮ ಕೂದ್ಲು ಎಳೆಯಷ್ಟು ಸಂದಿ ಬುಟ್ಟಿಲ್ಲ. ಇದುನ್ನ ಕಿತ್ರೆ ನನ್ ಕೈ ಬಿದ್ದೋಯ್ತದೆ. ಬುಡ ಒಂದಡಿ ಕುಯ್ದು ಕೂಡುಸ್ಕೊಡ್ತೀನಿ. ಇನ್ನೂ ಎರಡು ತಲೆ ಬಾಳ್ತದೆ."

ನಾನು ಅಲ್ಲೇ ಬಾಯಿಬಿಡಲಿಲ್ಲ, ಅಷ್ಟು ಪುಣ್ಯ. ಕಾರು ಹತ್ತಿದ ಮೇಲೆ ಹತ್ತು ಕಿಲೋಮೀಟರು ಕೂಗಾಡಿದೆ. ಎರಡು ದಿನ ಊರೂರು ಸುತ್ತಿದ್ದು ಒಂದಡಿ ತೇಪೆ ಹಾಕುವುದಕ್ಕಾ? ಕೈ ನಡುಗುತ್ತದೆ, ಇದೇ ಕೊನೆಯದು ಎಂದವನು ನೀನೇ. "ನಾಳೆ ಇದು ನಂದು ಅಂತ ಬೆರಳು ಮಾಡಿ ತೋರಿಸೋಕೆ ನಿನಗೇನಿರುತ್ತೆ ಅಣ್ಣ? ಲಾರಿಯಲ್ಲಿ ಬಂದ ಬಾಗಿಲಿಗೆ ಕೀಲು ಹೊಡೆದೋನು ಅಂತಲೇ ಸಾಯ್ತೀಯಾ" ಎಂದೆ.

ಅಣ್ಣ ಕಿಟಕಿಯ ಆಚೆ ನೋಡುತ್ತಾ ಕೂತಿದ್ದ. ಕೃಷ್ಣರಾಜಪೇಟೆಯಲ್ಲಿ ಇಳಿಯುವಾಗ "ಹುಷಾರಾಗಿ ಓಡುಸ್ಕೊಂಡೋಗು" ಎಂದಷ್ಟೇ ಹೇಳಿದ.

ಆ ಮಾತನ್ನು ನಾನು ಯಾಕೆ ಆಡಿದೆನೋ. ಆಡಿದ ಮೇಲೆ ವಾಪಸು ತೆಗೆದುಕೊಳ್ಳುವುದಕ್ಕೂ ನನಗೆ ಪುರುಸೊತ್ತಾಗಲಿಲ್ಲ. ಆಮೇಲೆ ಅತ್ತಿಗೆಯಿಂದ ತಿಳಿಯಿತು, ಒಂದಡಿ ಮರಕ್ಕಾಗಿ ಅವನು ಒಂದು ತಿಂಗಳು ಅಲೆದನಂತೆ. ಅಷ್ಟೇ ವಯಸ್ಸಾದ ತೇಗ ಬೇಕು, ಎಳೆ ಎಳೆಗೆ ಕೂಡಬೇಕು. ಶೀಳನೆರೆಯಲ್ಲಿ ಸಿಗದೆ, ಸಂತೆಬಾಚಹಳ್ಳಿಯ ಕಡೆ ಬಿಚ್ಚಿದ ಒಂದು ಹಳೇ ಮನೆಯ ತೊಲೆ ತಂದನಂತೆ. ಕೆಲಸ ಮುಗಿಸಿ ಬಂದವನು ಉಳಿಗಳಿಗೆ ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿಟ್ಟ. ಮತ್ತೆ ಬಿಚ್ಚಲಿಲ್ಲ. ಈಗ ಅವನ ಕೈಯಲ್ಲಿ ಕಾಫಿ ಲೋಟವೂ ನಿಲ್ಲುವುದಿಲ್ಲ. ನಾನು ಆ ಬಾಗಿಲನ್ನು ನೋಡಲು ಹೋಗಲೇ ಇಲ್ಲ.

ಮೊನ್ನೆ ಪೆನ್ಸಿಲು ಸಿಕ್ಕ ಮೇಲೆ ಕಾರನ್ನು ಅರ್ಧಂಬರ್ಧ ಒರೆಸಿ ಬಿಟ್ಟು ಹೊರಟೆ. ಟೈಮ್ ಟೇಬಲ್ ಇರಲಿಲ್ಲ. ಮಧ್ಯಾಹ್ನದ ಹೊತ್ತು, ಚರ್ಚಿನ ಬಾಗಿಲು ತೆರೆದಿತ್ತು. ಆ ಫಾದರಿಗೆ ಎಂದೋ ವರ್ಗವಾಗಿದೆ. ನಡುವಯಸ್ಸಿನ ಹೆಂಗಸೊಬ್ಬಳು ಪೀಠಕ್ಕೆ ಹೂ ಜೋಡಿಸುತ್ತಿದ್ದಳು. ನಾನು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಬುಡದಿಂದ ಒಂದಡಿ ಮೇಲೆ ಹುಡುಕಿದೆ. ಕೂಡಿಸಿದ ಗೆರೆ ಕಾಣಲಿಲ್ಲ. ಕನ್ನಡಕ ಒರೆಸಿ ನೋಡಿದೆ. ಉಗುರಿನಲ್ಲಿ ಕೆರೆದು ನೋಡಿದೆ. ಕೊನೆಗೆ ಗೋಡೆಯ ಸಂದಿಗೆ ನಾನೂ ನುಗ್ಗಿದೆ. ಹಿಂದುಗಡೆಯೂ ಗೆರೆಯಿಲ್ಲ; ಮುಂದುಗಡೆ ಕೆತ್ತನೆಯ ಬಳ್ಳಿ ಮೇಲಿನಿಂದ ಇಳಿದು ಬುಡದವರೆಗೆ ಒಂದೇ ಉಸಿರಿನಲ್ಲಿ ಬಂದಿತ್ತು. ಎಲ್ಲಿಗೆ ಆ ಹಳಬನ ಕೈ ಮುಗಿಯಿತು, ಎಲ್ಲಿಂದ ಅಣ್ಣನ ನಡುಗುವ ಕೈ ಶುರುವಾಯಿತು ಎಂದು ಹೇಳಲು ನನ್ನಿಂದ ಆಗಲೇ ಇಲ್ಲ. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ, ಗಡಿಯಾರ ನೋಡಲಿಲ್ಲ.

ಹೆಂಗಸು ಹತ್ತಿರ ಬಂದು, "ಏನ್ ಹುಡುಕ್ತಾ ಇದ್ದೀರವ್ವ?" ಎಂದಳು.

"ಈ ಬಾಗಿಲು ರಿಪೇರಿ ಮಾಡಿಸಿದ್ರಂತಲ್ಲ, ಎಲ್ಲಿ ಅಂತ ನೋಡ್ತಿದ್ದೆ."

"ಯಾರಂದ್ರು? ಇದು ನಮ್ ತಾತುನ್ ಕಾಲುದ್ದು. ಇದುನ್ನ ಯಾರೂ ಮುಟ್ಟಿಲ್ಲ ಕಣವ್ವ."

ನಮ್ಮಣ್ಣ ಮಾಡಿದ್ದು ಎಂದು ಹೇಳಹೊರಟೆ. ಹೇಳಲಿಲ್ಲ. ಹೊರಗೆ ಬಂದು ಗದ್ದೆಯ ಬದುವಿನ ಮೇಲೆ ನಿಂತು ಅಣ್ಣನಿಗೆ ಫೋನು ಮಾಡಿದೆ. ಆವತ್ತು ಕಾರಿನಲ್ಲಿ ನಾನು ಆಡಿದ್ದು ತಪ್ಪಾಯಿತು ಎಂದು ಹೇಳಬೇಕೆಂದುಕೊಂಡಿದ್ದೆ, ಆಗಲಿಲ್ಲ. ಬಾಗಿಲು ನೋಡಲು ಬಂದಿದ್ದೇನೆ ಎಂದೆ. ಗೆರೆ ಸಿಗಲಿಲ್ಲ ಎಂದೆ. ಇಲ್ಲಿಯ ಹೆಂಗಸು ಈ ಬಾಗಿಲನ್ನು ಯಾರೂ ಮುಟ್ಟಿಲ್ಲ ಅನ್ನುತ್ತಾಳೆ ಎಂದೆ.

ಅದನ್ನು ಕೇಳಿ ಅಣ್ಣ ಬೇಜಾರು ಮಾಡಿಕೊಳ್ಳುತ್ತಾನೇನೋ ಎಂದುಕೊಂಡೆ.

"ಅಂಗಂದ್ಲಾ?" ಎಂದ. ದನಿಯಲ್ಲಿ ಬೇಜಾರಿರಲಿಲ್ಲ. "ಅವ್ಳು ಏನಂದ್ಲು ಅಂತ ಇನ್ನೊಂದು ಕಿತಾ ಹೇಳವ್ವ."

ನಾನು ಇನ್ನೊಂದು ಸಲ ಹೇಳಿದೆ, ನಿಧಾನವಾಗಿ.